ಸಂತೆಯಕ್ಕನ ನಡಿಗೆ

ಚಾಮರಾಜಪೇಟೆಯ ಆ ಅಂಗಡಿಯ ಬೋರ್ಡಿನ ಮೇಲೆ ಮಹಾನಂದಳ ಮಾವನ ಹೆಸರಿದೆ. ಆ ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಗುಂಡಿ ಅಂಗಡಿ’ ಅಂದರೆ ಆಟೋದವರು ಬಾಗಿಲಿಗೇ ತಂದು ಇಳಿಸುತ್ತಾರೆ. ಅಂಗಿಯ ಗುಂಡಿ, ಕೋಟಿನ ಗುಂಡಿ, ಬಟ್ಟೆ ಸುತ್ತಿದ ಗುಂಡಿ, ಜಿಪ್ಪು, ಲೇಸು, ಹುಕ್ಕು, ಸೀರೆಯ ಫಾಲ್ಸು, ಗೋಡೆ ತುಂಬ ದಾರದ ಉಂಡೆಗಳು. ಗಂಡ ಮುರುಗೇಶ ಅಣ್ಣಂದಿರ ಜೊತೆ ಚಿಕ್ಕಪೇಟೆಯ ಸಗಟು ಮಳಿಗೆಯಲ್ಲಿ ಕೂರುತ್ತಾನೆ. ಈ ಸಣ್ಣ ಅಂಗಡಿಯನ್ನು ನೋಡಿಕೊಳ್ಳುವವರಿಲ್ಲದೆ ಮುಚ್ಚುವ ಮಾತು ಬಂದಾಗ ಮಹಾನಂದ ಹೊಸ ಸೊಸೆ. ‘ನಾನು ಕೂರ್ತೀನಿ ಬಿಡಿ’ ಅಂದಳು. ಈಗ ಅವಳ ತಲೆಯಲ್ಲಿ ಬಿಳಿಕೂದಲೇ ಹೆಚ್ಚು, ಕನ್ನಡಕಕ್ಕೆ ಒಂದು ಕಪ್ಪು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾಳೆ.

ಅಂಗಡಿಯ ಮೇಲೇ ಮನೆ. ಮನೆಯ ಹಿಂದಿನ ಕೋಣೆಯಲ್ಲಿ ಅವಳ ರೋಬೋಗಳಿದ್ದವು.

ಅದು ಶುರುವಾದದ್ದು ಮಗಳು ತನುಶ್ರೀ ಹೈಸ್ಕೂಲಿನಲ್ಲಿದ್ದಾಗ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ತಂದ ಒಂದು ಪೆಟ್ಟಿಗೆ, ಅದರೊಳಗೆ ಪುಟ್ಟ ಮೋಟಾರು, ಚಕ್ರ, ವೈರು. ಪ್ರದರ್ಶನ ಮುಗಿದ ಮೇಲೆ ಪೆಟ್ಟಿಗೆ ಬೀರುವಿನ ಮೇಲೆ ಸೇರಿತು. ಒಂದು ಭಾನುವಾರ ಧೂಳು ಹೊಡೆಯುವಾಗ ಮಹಾನಂದ ಅದನ್ನು ಕೆಳಗಿಳಿಸಿ, ಟಾರ್ಚಿನ ಸೆಲ್ ಹಚ್ಚಿ ನೋಡಿದಳು. ಮೋಟಾರು ಗರ್ರನೆ ತಿರುಗಿತು. ಅವಳಿಗೆ ಯಾಕೋ ನಗು ಬಂತು. ಅಡುಗೆಗೆ ಹೊತ್ತಾಗುವವರೆಗೂ ಅದರ ಮುಂದೆಯೇ ಕೂತಿದ್ದಳು.

ಮೊದಲು ಮಾಡಿದ್ದು ‘ಬೇಡಮ್ಮ’. ಹಳೆ ಬಿಸ್ಕತ್ತಿನ ಡಬ್ಬಿಯ ಮುಖ, ಕೋಟಿನ ಗುಂಡಿಯ ಕಣ್ಣು. ಕೌಂಟರಿನ ಮೇಲೆ ಕೂತು, ಯಾರಾದರೂ ಚೌಕಾಸಿಗೆ ಇಳಿದರೆ ಮೆಲ್ಲಗೆ ತಲೆಯಾಡಿಸಿ ಬೇಡ ಬೇಡ ಅನ್ನುತ್ತಿತ್ತು. ಗುಟ್ಟೇನೆಂದರೆ ಕೌಂಟರಿನ ಕೆಳಗೆ ಮಹಾನಂದಳ ಕಾಲಿನ ಬಳಿ ಒಂದು ಸ್ವಿಚ್ಚಿತ್ತು. ಆಮೇಲೆ ಛತ್ರಿಯ ಕಡ್ಡಿಗಳಿಂದ ರೆಕ್ಕೆ ಬಿಚ್ಚುವ ಕೊಕ್ಕರೆ, ದಾರದ ಉಂಡೆ ಕಂಡರೆ ಮೂಸುತ್ತ ಹಿಂದೆ ಹೋಗುವ ನಾಯಿ. ಪ್ರೋಗ್ರಾಮು ಬರೆಯುವುದನ್ನು ಮಗಳು ಸ್ವಲ್ಪ ಹೇಳಿಕೊಟ್ಟಳು, ಉಳಿದದ್ದನ್ನು ಫೋನಿನಲ್ಲಿ ನೋಡಿ ಕಲಿತಳು. ಮೋಟಾರು, ವೈರು ಮಾರುವ ಎಸ್.ಪಿ. ರಸ್ತೆಯ ಅಂಗಡಿಯವರು ಮೊದಮೊದಲು ‘ಮಗನಿಗಾ ಮೇಡಂ?’ ಎಂದು ಕೇಳುತ್ತಿದ್ದವರು, ಬರಬರುತ್ತ ಕೇಳುವುದು ಬಿಟ್ಟರು. ಈ ರೋಬೋಗಳಿಂದ ಯಾವ ಉಪಯೋಗವೂ ಇರಲಿಲ್ಲ. ಮುರುಗೇಶ ಹಾಗೆ ಅಂದಾಗ ಅವಳು, ‘ರಂಗೋಲಿಯಿಂದ ಏನ್ ಉಪಯೋಗ ಹೇಳಿ?’ ಎನ್ನುತ್ತಿದ್ದಳು.

ಪ್ರತಿಯೊಂದು ರೋಬೋವನ್ನೂ ಎಲ್ಲರಿಗಿಂತ ಮೊದಲು ನೋಡುತ್ತಿದ್ದವಳು ಮಾಧವಿ.

ಮಾಧವಿ ಅಂಗಡಿಯ ಮುಂದಿನ ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಸೀರೆಗಳಿಗೆ ಫಾಲ್ಸು ಹಚ್ಚಿ ಪೀಕೋ ಮಾಡುತ್ತಿದ್ದಳು. ಓಕಳಿಪುರಂನಲ್ಲಿ ಅಣ್ಣನ ಮನೆ ಅವಳದು, ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ತನುಶ್ರೀ ಹುಟ್ಟುವುದಕ್ಕಿಂತ ಮುಂಚಿನಿಂದ ಅವಳು ಅಲ್ಲಿದ್ದಾಳೆ. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಇಬ್ಬರೂ ಮೇಲೆ ಹೋಗಿ ಊಟ ಮಾಡುತ್ತಿದ್ದರು. ಗಿರಾಕಿಗಳ ಮುಂದೆ ಮಾಧವಿ ‘ನೀವು’ ಎಂದು ಮರ್ಯಾದೆ ಕೊಡುತ್ತಿದ್ದಳು. ಇಬ್ಬರೇ ಇದ್ದಾಗ ‘ನಂದಾ’, ‘ನೀನು’. ಸಣ್ಣ ಮಗುವಾಗಿದ್ದಾಗ ಪೋಲಿಯೋ ಬಂದು ಅವಳ ಎಡಗಾಲು ಸೊರಗಿತ್ತು. ನಡೆಯುವಾಗ ಎಡಗೈಯನ್ನು ತೊಡೆಯ ಮೇಲೆ ಒತ್ತಿ, ಮೈಯನ್ನು ಒಂದು ಪಕ್ಕಕ್ಕೆ ಬಾಗಿಸಿ, ಆ ಕಾಲಿನ ಮೇಲೆ ತೂಗಿ ದಾಟುತ್ತಿದ್ದಳು. ಅದನ್ನು ಇಷ್ಟು ವರ್ಷ ನೋಡಿದ್ದ ಮಹಾನಂದ ಒಂದರ್ಥದಲ್ಲಿ ನೋಡಿಯೇ ಇರಲಿಲ್ಲ.

ಹೋದ ವರ್ಷ ಮಹಾನಂದ ಎರಡು ಕಾಲಿನ ರೋಬೋ ಮಾಡಲು ಹೊರಟಳು. ಸಂತೆಗೆ ಹೊರಟ ಹೆಂಗಸು, ಕೈಯಲ್ಲಿ ಬಟ್ಟೆಯ ಚೀಲ, ಲೇಸಿನ ಲಂಗ. ಹೆಸರು ಮೊದಲೇ ಇಟ್ಟಿದ್ದಳು, ಸಂತೆಯಕ್ಕ. ಮುಖ ಚೆನ್ನಾಗಿ ಬಂತು. ಆದರೆ ನಡೆಯಲಿಲ್ಲ. ಒಂದು ಹೆಜ್ಜೆ ಎತ್ತಿದರೆ ಮುಗ್ಗರಿಸುತ್ತಿತ್ತು, ಪಾದ ಅಗಲ ಮಾಡಿದರೆ ಬಾತುಕೋಳಿಯ ಹಾಗೆ ಪಟಪಟ ಬಡಿದು ನಿಂತಲ್ಲೇ ಸುತ್ತುತ್ತಿತ್ತು. ಮೋಟಾರು ಬದಲಾಯಿಸಿದಳು, ತೂಕ ಬದಲಾಯಿಸಿದಳು. ಮಳೆಗಾಲ ಮುಗಿಯಿತು, ದೀಪಾವಳಿಯ ವ್ಯಾಪಾರ ಮುಗಿಯಿತು, ಸಂತೆಯಕ್ಕ ಬೀಳುತ್ತಲೇ ಇದ್ದಳು.

ಒಂದು ಬೆಳಿಗ್ಗೆ ಮಾಧವಿ ಅಂಗಡಿಯ ಮೆಟ್ಟಿಲು ಹತ್ತಿ ಒಳಗೆ ಬಂದಳು. ದಾರ ಜೋಡಿಸುತ್ತಿದ್ದ ಮಹಾನಂದ ತಲೆಯೆತ್ತಿದವಳು ಹಾಗೇ ನಿಂತುಬಿಟ್ಟಳು. ಮಾಧವಿಯ ಎಡಗಾಲು ನಡೆಯುತ್ತಿರಲಿಲ್ಲ, ಬರೀ ಊರುಗೋಲಿನ ಹಾಗೆ ನಿಲ್ಲುತ್ತಿತ್ತು. ಕೈ ಅದನ್ನು ನೆಟ್ಟಗೆ ಹಿಡಿಯುತ್ತಿತ್ತು, ಇಡೀ ಮೈ ಅದರ ಮೇಲೆ ತೂಗಿ ಆಚೆ ದಾಟುತ್ತಿತ್ತು. ಕೆಲಸವೆಲ್ಲ ಬಲಗಾಲಿನದು. ತಾನು ಎರಡೂ ಕಾಲಿಗೆ ಒಂದೇ ಕೆಲಸ ಕೊಟ್ಟು ಕೆಡಿಸಿದೆನೆಂದು ಮಹಾನಂದಳಿಗೆ ತಟ್ಟನೆ ಹೊಳೆಯಿತು.

‘ಏನೇ ಹಾಗ್ ನೋಡ್ತಿದ್ದೀಯ?’ ಅಂದಳು ಮಾಧವಿ.

‘ಸೀರೆ ಬಾರ್ಡರ್ ಚೆನ್ನಾಗಿದೆ, ಅದಕ್ಕೆ.’

ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಅವಳು ಆಮೇಲೆ ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಳು. ಹೇಳಿದರೆ ನೊಂದುಕೊಳ್ಳುತ್ತಾಳೆ ಅನ್ನಿಸಿತೋ, ಬೇಡ ಅಂದುಬಿಟ್ಟರೆ ಅನ್ನುವ ಭಯವೋ. ಎರಡನೆಯದೇ ಇರಬೇಕು.

ಒಂದು ಸಲ ನೋಡಿದ್ದು ಸಾಲಲಿಲ್ಲ. ಕೈ ಯಾವಾಗ ಒತ್ತುತ್ತದೆ, ಹೆಗಲು ಎಷ್ಟು ಬಾಗುತ್ತದೆ, ಹಿಮ್ಮಡಿ ಮೊದಲು ಊರುತ್ತದೋ ಬೆರಳೋ, ಎಲ್ಲ ಬೇಕಿತ್ತು. ಆದರೆ ಮಾಧವಿ ಮಿಷನ್ ಮುಂದೆ ಕೂತರೆ ಊಟದ ಹೊತ್ತಿನವರೆಗೆ ಏಳುವವಳಲ್ಲ. ‘ಮಾಧವಿ, ನನ್ ಕತ್ತರಿ ಎಲ್ಲಿಟ್ನೋ ಕಾಣ್ತಿಲ್ಲ, ನಿಂದು ಸ್ವಲ್ಪ ತಂದ್ಕೊಡ್ತೀಯಾ?’ ಎಂದು ಮಹಾನಂದ ಒಳಗಿನಿಂದ ಕೂಗಿದಳು. ಅವಳ ಕತ್ತರಿ ಅವಳ ಕೈಕೆಳಗಿನ ಡ್ರಾಯರಿನಲ್ಲೇ ಇತ್ತು. ಮಾಧವಿ ಎದ್ದಳು, ಮೆಟ್ಟಿಲು ಹತ್ತಿದಳು, ಕೊಟ್ಟಳು, ಹೋದಳು. ಮರುದಿನ ‘ಆ ಹಸಿರು ದಾರ ನಿನ್ನತ್ರ ಇದ್ರೆ ಕೊಡು’. ಇನ್ನೊಂದು ದಿನ ಟೇಪು. ಕರೆದಾಗಲೆಲ್ಲ ಮಾಧವಿ ಗೊಣಗದೆ ಬರುತ್ತಿದ್ದಳು. ಮಹಾನಂದ ಅವಳ ಮುಖ ನೋಡದೆ ಕಾಲನ್ನೇ ನೋಡುತ್ತಿದ್ದಳು.

ಸಂಕ್ರಾಂತಿ ಕಳೆದು ಒಂದು ಭಾನುವಾರ ಮಧ್ಯಾಹ್ನ ಸಂತೆಯಕ್ಕ ಹಿಂದಿನ ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ನಡೆದಳು. ಎಡಗೈಯನ್ನು ತೊಡೆಗೆ ಒತ್ತಿ, ಒಂದಿಷ್ಟು ಬಾಗಿ, ತೂಗಿ, ದಾಟಿ. ಚೀಲ ಅತ್ತಿತ್ತ ಆಡುತ್ತಿತ್ತು. ತನುಶ್ರೀ ಕಿರುಚಿಕೊಂಡು ಅಮ್ಮನನ್ನು ತಬ್ಬಿದಳು. ಊಟ ಮಾಡಿ ಮಲಗಿದ್ದ ಮುರುಗೇಶನೂ ಎದ್ದು ಬಂದ.

‘ಇದು ಥೇಟ್ ಯಾರೋ ನಡೆದ ಹಾಗೇ ಇದೆಯಲ್ಲೇ. ಯಾರು ಹೀಗ್ ನಡೆಯೋದು?’

‘ಕಾಫಿ ಮಾಡ್ಲಾ?’ ಅಂದಳು ಮಹಾನಂದ.

ಮರುದಿನ ಮಾಧವಿ ಊಟಕ್ಕೆ ಮೇಲೆ ಬರುವ ಮೊದಲು ಅವಳು ಸಂತೆಯಕ್ಕನ ಮೇಲೆ ಒಂದು ಹಳೆ ಲೈನಿಂಗ್ ಬಟ್ಟೆ ಮುಚ್ಚಿದಳು. ‘ಏನದು?’ ಎಂದರೆ ‘ಇನ್ನೂ ಆಗಿಲ್ಲ’. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಲೇ ದಿನ ಕಳೆಯಿತು. ಮಾಧವಿಯ ಡಬ್ಬಿಯಿಂದ ಚಟ್ನಿ ಹಾಕಿಕೊಳ್ಳುವಾಗ ಕೈ ಹಿಂಜರಿಯುತ್ತಿತ್ತು.

ಬಸವನಗುಡಿಯಲ್ಲಿ ದೊರೆಸ್ವಾಮಿ ಎಂಬ ನಿವೃತ್ತ ಬ್ಯಾಂಕ್ ಗುಮಾಸ್ತರಿದ್ದಾರೆ. ಮನೆಯ ತಾರಸಿಯ ತುಂಬ ಆಟಿಕೆ ರೈಲು ಓಡಿಸುವವರು. ವರ್ಷಕ್ಕೊಂದು ಭಾನುವಾರ ಒಂದು ಶಾಲೆಯ ಹಾಲ್ ಹಿಡಿದು ತಮ್ಮಂಥ ಹುಚ್ಚಿನವರನ್ನೆಲ್ಲ ಸೇರಿಸುತ್ತಾರೆ. ಗಾಳಿಪಟದವರು, ಗಡಿಯಾರದವರು, ರೋಬೋದವರು. ಅಲ್ಲಿಗೆ ಮಹಾನಂದ ಸಂತೆಯಕ್ಕನನ್ನು ಒಯ್ದಳು.

ಹಾಲ್‌ನ ನಡುವೆ ನೆಲದ ಮೇಲೆ ಬಿಟ್ಟಾಗ ಮೊದಲು ನಾಲ್ಕಾರು ಜನ ನಿಂತರು, ನೋಡುತ್ತ ನೋಡುತ್ತ ಗುಂಪಾಯಿತು. ಉಳಿದವರ ರೋಬೋಗಳೆಲ್ಲ ನೆಟ್ಟಗೆ, ಗಟ್ಟಿಯಾಗಿ, ಯಂತ್ರದ ಹಾಗೆ ಹೆಜ್ಜೆ ಹಾಕುತ್ತಿದ್ದರೆ ಇದು ಮನುಷ್ಯರ ಹಾಗೆ ಹೋಗುತ್ತಿತ್ತು. ದೊರೆಸ್ವಾಮಿ ಕನ್ನಡಕ ಏರಿಸಿ ಬಗ್ಗಿ ನೋಡಿದರು.

‘ಜೀವ ಇರೋ ಹಾಗಿದೆಯಲ್ಲಮ್ಮ! ಯಾರನ್ನ ನೋಡಿ ಮಾಡಿದ್ರಿ?’

‘ಯಾರನ್ನೂ ಇಲ್ಲ ಸಾರ್. ಮಾಡ್ತಾ ಮಾಡ್ತಾ ಹಾಗೇ ಬಂತು.’

ಮಕ್ಕಳು ಸಂತೆಯಕ್ಕನ ಹಿಂದೆ ಸಾಲುಗಟ್ಟಿದರು. ಎಲ್ಲರೂ ತೊಡೆಗೆ ಕೈ ಕೊಟ್ಟು, ಬಾಗಿ, ತೂಗಿ ನಡೆಯತೊಡಗಿದರು. ಅಪ್ಪ ಅಮ್ಮಂದಿರು ನಗುತ್ತ ಫೋನ್ ಹಿಡಿದರು. ಮಹಾನಂದಳೂ ನಕ್ಕಳು. ಅಷ್ಟು ಜನ ತನ್ನ ಕೈಕೆಲಸ ನೋಡಿ ಸಂತೋಷಪಡುವುದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಅದು ಯಾರ ನಡಿಗೆಯೆಂದಾಗಲಿ, ಅಮ್ಮ ಅದನ್ನು ಮುಚ್ಚಿಟ್ಟಿದ್ದಾಳೆಂದಾಗಲಿ ತನುಶ್ರೀಗೆ ಹೊಳೆದಿರಲಿಲ್ಲ. ಅಮ್ಮನ ಸಂಭ್ರಮ ಮಾಧವಿ ಆಂಟಿಯೂ ನೋಡಲಿ ಎಂದು ಅವಳೇ ಫೋನ್ ಮಾಡಿ ಕರೆದಿದ್ದಳು. ಮಾಧವಿ ಹಾಲ್‌ನ ಬಾಗಿಲಲ್ಲಿ ಕಂಡಾಗ ಕೈಯಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬಿ ಇತ್ತು. ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಸಂತೆಯಕ್ಕ ಆ ಕಡೆಯಿಂದ ಬರುತ್ತಿದ್ದಳು, ಹಿಂದೆ ಮಕ್ಕಳ ಸಾಲು.

ಮೊದಲು ಗಮನಿಸಿದ್ದು ಸಾಲಿನ ಮುಂದಿದ್ದ ಒಂದು ಹುಡುಗಿ. ತೊಡೆಯ ಮೇಲಿನ ಕೈ ಹಾಗೇ ಇಟ್ಟುಕೊಂಡು ನಿಂತಳು. ರೋಬೋವನ್ನು ನೋಡಿದಳು, ಮಾಧವಿಯನ್ನು ನೋಡಿದಳು. ‘ಅಮ್ಮಾ, ಈ ಆಂಟಿನೂ ಸಂತೆಯಕ್ಕನ ಥರಾನೇ ನಡೀತಾರೆ!’ ಅವಳ ದನಿಯಲ್ಲಿ ಕುಹಕವಿರಲಿಲ್ಲ, ಬರೀ ಖುಷಿ. ತಾಯಿ ಅವಳ ಬಾಯಿ ಮುಚ್ಚಿದಳು. ಉಳಿದ ಮಕ್ಕಳೂ ನಿಂತರು. ದೊಡ್ಡವರು ಒಬ್ಬೊಬ್ಬರಾಗಿ ಫೋನ್ ಕೆಳಗಿಳಿಸಿದರು. ಸದ್ದಿಲ್ಲದ ಹಾಲ್‌ನಲ್ಲಿ ಸಂತೆಯಕ್ಕ ಮಾತ್ರ ಟಿಕ್ ಟಿಕ್ ಅನ್ನುತ್ತ ನಡೆದು ಬಂದು ಮಾಧವಿಯ ಸೀರೆಯ ನೆರಿಗೆಗೆ ತಾಗಿ ನಿಂತಳು.

ಮಾಧವಿ ಅದನ್ನು ನೋಡಿದಳು. ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ‘ಚೆನ್ನಾಗಿದೆ’ ಅಂದಳು. ತಿರುಗಿ ಬಂದ ದಾರಿಯಲ್ಲೇ ನಡೆದುಹೋದಳು. ಆ ಹಾಲ್ ಅಷ್ಟು ಉದ್ದವಿದೆಯೆಂದು ಮಹಾನಂದಳಿಗೆ ಆಗಲೇ ತಿಳಿದದ್ದು. ಓಡಿ ಹೋಗಿ ಕೈ ಹಿಡಿಯಬೇಕಿತ್ತು. ಓಡಲಿಲ್ಲ.

ಮನೆಗೆ ಬಂದವಳೇ ಬಟ್ಟೆ ಕೂಡ ಬದಲಾಯಿಸದೆ ಸ್ಕ್ರೂಡ್ರೈವರ್ ಹಿಡಿದು ಕೂತಳು. ಕಾಲು, ಸೊಂಟ, ಕೈ, ಎಲ್ಲವನ್ನೂ ಬಿಚ್ಚಿ ಡಬ್ಬಿಗೆ ಹಾಕಿದಳು. ತನುಶ್ರೀ ‘ಅಮ್ಮಾ ಬೇಡ, ಅಮ್ಮಾ’ ಎಂದು ಅತ್ತಳು. ಯಾಕೆಂದು ಮಹಾನಂದ ಅವಳಿಗೆ ಹೇಳಿದಾಗ ಹುಡುಗಿ ಮುಖ ಮುಚ್ಚಿಕೊಂಡಳು. ‘ನಾನೇ ಕರೆದ್ನಲ್ಲಮ್ಮ ಅವ್ರನ್ನ.’ ಮಗಳ ತಲೆಯ ಮೇಲೂ ಒಂದಿಷ್ಟು ತಪ್ಪು ಹೊರಿಸಿದಂತಾಯಿತಲ್ಲ ಎಂದು ಮಹಾನಂದಳಿಗೆ ಇನ್ನಷ್ಟು ಕಷ್ಟವಾಯಿತು.

ಸೋಮವಾರ ಜಗಲಿಯ ಮಿಷನ್ ಮೇಲಿನ ಹೊದಿಕೆ ತೆಗೆಯುವವರಿರಲಿಲ್ಲ. ಮಂಗಳವಾರವೂ ಇಲ್ಲ. ಗಿರಾಕಿಗಳು ‘ಪೀಕೋ ಅವ್ರು ಎಲ್ಲಿ?’ ಅಂದರೆ ‘ಹುಷಾರಿಲ್ಲ’ ಎಂದಳು. ಅದೂ ಸುಳ್ಳೇ. ಫೋನ್ ಮಾಡಲು ಧೈರ್ಯವಾಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯದೆ ಓಕಳಿಪುರಂಗೆ ಹೋದಳು.

ರೈಲು ಹಳಿಯ ಪಕ್ಕದ ಗಲ್ಲಿಯಲ್ಲಿ ಮನೆ. ಮಾಧವಿ ಮಂಚದ ಮೇಲೆ ಕೂತು ಹೂಕೋಸು ಬಿಡಿಸುತ್ತಿದ್ದಳು. ‘ಬಾ’ ಅಂದಳು. ಅಣ್ಣನ ಮಗಳು ನೀರು ತಂದಿಟ್ಟು ಕಾಲೇಜಿಗೆ ಹೊರಟುಹೋದಳು. ಇಬ್ಬರೇ ಉಳಿದರು.

‘ನಾನು ತಪ್ಪು ಮಾಡ್ದೆ ಮಾಧವಿ. ನಿನ್ನ ಕೇಳ್ಬೇಕಾಗಿತ್ತು.’

ಮಾಧವಿ ಹೂಕೋಸಿನ ಎಲೆ ಕಿತ್ತು ಪಕ್ಕಕ್ಕಿಟ್ಟಳು. ‘ಆವಾಗ ಕತ್ತರಿ ಕೊಡು, ದಾರ ಕೊಡು ಅಂತ ದಿನಾ ಕರೀತಿದ್ದೆಯಲ್ಲ. ಅದಕ್ಕೇನಾ?’

ಇದನ್ನು ತಾನೇ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ ಮಹಾನಂದಳ ಬಾಯಿಂದ ‘ಹೂಂ’ ಅಂತಷ್ಟೇ ಹೊರಟಿತು.

ರೈಲು ಬಂತು. ಪಾತ್ರೆಗಳು ಅಲುಗಿದವು. ಅದು ದಾಟುವವರೆಗೆ ಮಾಧವಿ ಕಾದಳು.

‘ನಾನೇನ್ ಅಂದ್ಕೊಂಡಿದ್ದೆ ಗೊತ್ತಾ? ನಿಂಗೆ ಮಂಡಿ ನೋವು ಶುರುವಾಗಿದೆ, ಹೇಳ್ಕೊಳ್ಳೋಕೆ ನಾಚ್ಕೆ ಪಡ್ತಿದ್ದೀಯ ಅಂತ. ಪಾಪ, ಏಳೋಕಾಗಲ್ವೇನೋ ಅಂತ ಬಂದು ಬಂದು ಕೊಡ್ತಿದ್ದೆ.’

ಮಹಾನಂದ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುವುದಕ್ಕೂ ತನಗೆ ಹಕ್ಕಿಲ್ಲ ಅನ್ನಿಸಿ ತಡೆದುಕೊಂಡಳು.

‘ಬೀದೀಲಿ ನಾನ್ ನಡೆದ್ರೆ ಜನ ನಗಲ್ಲ ನಂದಾ. ಬೇರೆ ಕಡೆ ನೋಡ್ತಾರೆ,’ ಎಂದಳು ಮಾಧವಿ. ‘ಅಲ್ಲಿ ಎಲ್ರೂ ಕಣ್ಬಿಟ್ಕೊಂಡು ಅದನ್ನೇ ನೋಡ್ತಿದ್ರು. ಮಕ್ಕಳು ಆಸೆಯಿಂದ ಹಾಗೇ ನಡೀತಿದ್ವು. ನಂಗೆ ಸಿಟ್ಟು ಬರ್ಬೇಕಾ, ಏನ್ ಆಗ್ಬೇಕು ಅಂತಾನೇ ತಿಳೀಲಿಲ್ಲ. ಅದಕ್ಕೇ ಹೊರಟು ಬಂದೆ. ಸರಿಯಾಗಿ ನೋಡ್ಲೂ ಇಲ್ಲ. ನಾನ್ ನಡೆಯೋದು ಹೊರಗಿಂದ ಹೇಗ್ ಕಾಣತ್ತೆ ಅಂತ ನಂಗೇನ್ ಗೊತ್ತು? ನಾಳೆ ಬಂದು, ಒಬ್ಳೇ ಕೂತು, ಅದನ್ನ ನಡೆಸಿ ನೋಡೋಣ ಅಂತಿದ್ದೆ.’

‘ಅದು ಈಗ ಇಲ್ಲ.’

‘ಇಲ್ಲ ಅಂದ್ರೆ?’

‘ಬಿಚ್ಚಾಕ್ಬಿಟ್ಟೆ. ಅವತ್ತೇ.’

ಮಾಧವಿಯ ಕೈ ನಿಂತಿತು. ಹಾಲ್‌ನಲ್ಲಿ ಬಾರದಿದ್ದ ಸಿಟ್ಟು ಈಗ ಬಂತು. ‘ಬಿಚ್ಚಾಕು ಅಂತ ನಾನ್ ಹೇಳಿದ್ನಾ?’

‘ನಿಂಗೆ ಬೇಜಾರಾಯ್ತಲ್ಲ ಅಂತ...’

‘ಕೇಳ್ದೆ ತಗೊಂಡ್ರಿ. ಕೇಳ್ದೆ ಬಿಚ್ಚೂ ಹಾಕಿದ್ರಿ. ಎರಡೂ ನಿಮ್ಮಿಷ್ಟಾನೇ ಆಯ್ತು.’

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಗೊಂಡ್ರಿ, ಹಾಕಿದ್ರಿ. ಮಹಾನಂದ ಆ ಮಾತುಗಳನ್ನು ಹೊತ್ತುಕೊಂಡು ಬಸ್ ಹತ್ತಿದಳು. ತಪ್ಪನ್ನು ಅಳಿಸುತ್ತಿದ್ದೇನೆಂದು ಬಿಚ್ಚಿದ್ದೂ ಇನ್ನೊಂದು ತಪ್ಪೇ ಆಗಿತ್ತು. ಅದನ್ನು ಮಾಡಿದ್ದು ಮಾಧವಿಯ ಸಮಾಧಾನಕ್ಕಲ್ಲ, ತನ್ನ ಕಣ್ಣೆದುರಿಂದ ಅದು ದೂರವಾಗಲಿ ಎಂದು. ಬಸ್ಸಿನಲ್ಲಿ ಕೂತಾಗ ಅದು ಅವಳಿಗೆ ಸ್ಪಷ್ಟವಾಗಿ ಕಂಡಿತು.

ಮುಂದಿನ ವಾರ ಮಾಧವಿ ಕೆಲಸಕ್ಕೆ ಬಂದಳು. ಮದುವೆ ಸೀಸನ್ನಿನ ಸೀರೆಗಳು ಗುಡ್ಡೆಬಿದ್ದಿದ್ದವು. ಮಾತು ಬಿಡಲಿಲ್ಲ, ಊಟಕ್ಕೂ ಜೊತೆಗೆ ಕೂತಳು, ಆದರೆ ಇಬ್ಬರೇ ಇದ್ದಾಗಲೂ ‘ನೀವು’. ‘ಸಾರು ಹಾಕ್ಲಾ ನಿಮಗೆ?’ ಅದು ಮತ್ತೆ ಹಿಂದಿನಂತಾಗಲೇ ಇಲ್ಲ.

ಮಹಾನಂದಳಿಗೆ ಹೊಸದೊಂದು ಚಾಳಿ ಅಂಟಿತು. ಮಾಧವಿ ಏಳುವ ಸದ್ದು ಕೇಳಿದೊಡನೆ ಬಗ್ಗಿ ಡ್ರಾಯರಿನಲ್ಲಿ ಏನೋ ಹುಡುಕುವುದು. ಡಬ್ಬಿಯಲ್ಲಿದ್ದ ತುಂಡುಗಳನ್ನು ಜೋಡಿಸಿ, ಮಾಧವಿ ನೋಡಬೇಕೆಂದಿದ್ದ ಸಂತೆಯಕ್ಕನನ್ನು ಮತ್ತೆ ನಿಲ್ಲಿಸಲು ಗುಟ್ಟಾಗಿ ಒಂದೆರಡು ಸಲ ಕೂತಳು. ಆಗಲಿಲ್ಲ. ಅಳತೆಗಳನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ, ಎಲ್ಲ ಕಣ್ಣಳತೆಯದೇ. ಈಗ ಕಣ್ಣೆತ್ತಿ ನೋಡುವುದೇ ಆಗದು. ಸಂತೆಯಕ್ಕ ಮೊದಲಿನ ಹಾಗೇ ಮುಗ್ಗರಿಸಿ ಬಿದ್ದಳು. ಆಗ ಅವಳಿಗೆ ಇನ್ನೊಂದೂ ಹೊಳೆಯಿತು. ಇದನ್ನೂ ಮಾಧವಿಗೆ ತಿಳಿಯದಂತೆಯೇ ಮಾಡಲು ಹೊರಟಿದ್ದಳು. ಕೈ ಹಿಂತೆಗೆದಳು.

ಹಾಲ್‌ನಲ್ಲಿ ಹಿಡಿದು ಫೋನಿನಲ್ಲಿ ಎಲ್ಲರಿಗೂ ಹಾಕಿದ್ದ ವೀಡಿಯೋವನ್ನು ತನುಶ್ರೀ ಅಳಿಸಿದ್ದಳು. ಬೇರೆಯವರು ಹಿಡಿದದ್ದು ಎಲ್ಲೆಲ್ಲೋ ತಿರುಗುತ್ತಿತ್ತು. ಒಂದು ಸಂಜೆ ಕುಮಾರ ಪಾರ್ಕ್ ಬಡಾವಣೆಯಿಂದ ಬಂದಿದ್ದ ಗಿರಾಕಿ ಹೆಂಗಸು ಫೋನನ್ನು ಕೌಂಟರಿನ ಮೇಲೆ ಹಿಡಿದಳು. ‘ಇದು ನಿಮ್ದೇ ಅಲ್ವಾ? ನಮ್ಮ ಮನೇಲಿ ಎಲ್ರೂ ಎಷ್ಟ್ ಸಲ ನೋಡಿದೀವೋ!’ ಫಾಲ್ಸು ಹಚ್ಚಿದ ಸೀರೆ ಕೊಡಲು ಮಾಧವಿಯೂ ಅಲ್ಲೇ ನಿಂತಿದ್ದಳು. ಅವಳು ಬಗ್ಗಿ ಪರದೆಯನ್ನು ಕೊನೆಯವರೆಗೂ ನೋಡಿದಳು. ಅದನ್ನು ಅವಳು ಪೂರ್ತಿ ನೋಡಿದ್ದು ಅದೇ ಮೊದಲು.

‘ತಗಡು ಅವ್ರದ್ದು,’ ಎಂದಳು ಆ ಹೆಂಗಸಿಗೆ. ‘ನಡಿಗೆ ನಂದು.’

ಹೆಂಗಸು ತಮಾಷೆಯೆಂದುಕೊಂಡು ನಕ್ಕಳು. ಮಾಧವಿ ಸೀರೆ ಮಡಿಸಿ ಕೊಟ್ಟು ಮೆಟ್ಟಿಲು ಇಳಿದಳು, ಆಗ ಆ ಹೆಂಗಸಿನ ನಗು ಅರ್ಧಕ್ಕೇ ನಿಂತಿತು. ಫೋನನ್ನು ಬ್ಯಾಗಿಗೆ ಹಾಕಿಕೊಂಡು ತಲೆ ತಗ್ಗಿಸಿ ಹೋದಳು. ಮಹಾನಂದ ಆ ಹೆಂಗಸಿನ ಮುಖದಲ್ಲಿ ತನ್ನ ಮುಖವನ್ನೇ ಕಂಡಳು.

ಯುಗಾದಿಯ ಹಿಂದಿನ ದಿನ ಗಿರಾಕಿಗಳು ಕರಗಿ ಬಿಡುವಾದಾಗ ಅವಳು ಹೊರಗೆ ಬಂದು ಜಗಲಿಯ ಮೇಲೆ ಮಾಧವಿಯ ಪಕ್ಕ ಕೂತಳು. ಹಿಂದೆಲ್ಲ ಅವಳನ್ನು ಒಳಗೆ ಕರೆಯುತ್ತಿದ್ದುದೇ ಹೊರತು ತಾನು ಹೊರಗೆ ಬಂದು ಕೂತದ್ದು ಅಪರೂಪ.

‘ಒಂದು ಕೇಳ್ಬೇಕು ಮಾಧವಿ. ಸಂತೆಯಕ್ಕನ್ನ ಮತ್ತೆ ಮಾಡ್ಲಾ? ನೀನು ಹೂಂ ಅಂದ್ರೆ ಮಾತ್ರ. ಮಾಡೋದಾದ್ರೆ ನೀನು ನಡೆಯೋದನ್ನ ನಾನು ಕೂತು ನೋಡ್ಬೇಕಾಗತ್ತೆ. ಯಾರಿಗೆ ತೋರಿಸ್ಬೇಕು, ತೋರಿಸ್ಬಾರ್ದು ಅನ್ನೋದೆಲ್ಲ ನಿಂಗೇ ಬಿಟ್ಟಿದ್ದು.’

ಮಾಧವಿ ಮಿಷನ್ ನಿಲ್ಲಿಸಿದಳು. ಎದುರಿನ ರಸ್ತೆಯಲ್ಲಿ ಮಾವಿನ ಎಲೆ, ಬೇವಿನ ಸೊಪ್ಪಿನ ಗಾಡಿ ನಿಂತಿತ್ತು. ಅದನ್ನು ನೋಡುತ್ತ ನಿಜವಾಗಿಯೂ ಯೋಚಿಸಿದಳು.

‘ಬೇಡ,’ ಅಂದಳು.

‘ಸರಿ.’

‘ಯಾಕೆ ಅಂತ ಕೇಳಿದ್ರೂ ಹೇಳೋಕೆ ಬರಲ್ಲ ನಂಗೆ. ಆವಾಗ ನೋಡ್ಬೇಕು ಅನ್ಸಿತ್ತು. ನೋಡಾಯ್ತು. ಈಗ ಬೇಡ.’

‘ಸರಿ ಮಾಧವಿ.’

ಕೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ ಮಹಾನಂದಳಿಗೆ ಹಾಗೇನೂ ಆಗಲಿಲ್ಲ. ಮಾಧವಿ ಹೂಂ ಅಂದಿದ್ದರೆ ಕ್ಷಮಿಸಿದಳೆಂದು ಲೆಕ್ಕ ಹಾಕಿಕೊಳ್ಳಲು ತಾನು ಕಾದಿದ್ದೆ ಎಂಬುದೂ ತಿಳಿಯಿತು. ಅದಕ್ಕೂ ನಾಚಿಕೆಯಾಯಿತು. ಎದ್ದು ಒಳಗೆ ಹೋಗಬಹುದಿತ್ತು, ಹೋಗದೆ ಅಲ್ಲೇ ಕೂತಳು. ಅಷ್ಟರಲ್ಲಿ ಒಬ್ಬಳು ಹಬ್ಬದ ರವಿಕೆಗೆ ಗುಂಡಿ ಬೇಕೆಂದು ಬಂದಳು, ಕೈಯಲ್ಲಿ ಸೀರೆಯ ತುಂಡು. ಮಾಧವಿ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿ, ಮಹಾನಂದಳಿಗೆ ‘ಎಡಗಡೆ ಸಾಲಲ್ಲಿ ಕೆಳಗಿನ್ ಡಬ್ಬಿ ನೋಡಿ, ಅಲ್ಲಿ ಈ ಬಣ್ಣ ಇರ್ಬೇಕು’ ಅಂದಳು. ಮಹಾನಂದ ಗಿರಾಕಿಯನ್ನು ಕರೆದುಕೊಂಡು ಒಳಗೆ ಹೋಗಿ, ಬಗ್ಗಿ, ಆ ಡಬ್ಬಿ ತೆಗೆದಳು.